ಸೈಪ್ರಸ್ ಒಂದಾಗುವುದಾದರೆ ಯಾವ ಷರತ್ತಿನ ಮೇಲೆ? ಕೊಡಗಿನಲ್ಲಿ ಒಂದು ಚರ್ಚಾಸಭೆ ನಡೆಸುವವರಿಗೆ ಕೈಪಿಡಿ

ಜನರಲ್ ತಿಮ್ಮಯ್ಯನವರ ಹೆಸರಿನಲ್ಲಿ ಕೊಡಗಿನಲ್ಲಿ ನಡೆಯುವ ಸಮಾರಂಭಗಳಲ್ಲಿ ಅವರು 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದ ಕಾಲದ ಮಾತು ಬರುತ್ತದೆ, ಕೊರಿಯಾದ ಯುದ್ಧಕೈದಿಗಳ ಆಯೋಗದ ಅಧ್ಯಕ್ಷರಾಗಿ ಅವರು ಮಾಡಿದ ಕೆಲಸದ ಮಾತೂ ಬರುತ್ತದೆ. ಸೈಪ್ರಸ್ ಮಾತ್ರ ಸಾಮಾನ್ಯವಾಗಿ ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತದೆ. 1964ರ ಜುಲೈನಲ್ಲಿ ಅಲ್ಲಿನ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ದಂಡನಾಯಕತ್ವ ವಹಿಸಿಕೊಂಡ ತಿಮ್ಮಯ್ಯನವರು 1965ರ ಡಿಸೆಂಬರ್ 18ರಂದು ಅದೇ ಹುದ್ದೆಯಲ್ಲಿರುವಾಗಲೇ ಆ ದ್ವೀಪದಲ್ಲಿ ತೀರಿಕೊಂಡರು, ಮರುವರ್ಷ ಸೈಪ್ರಸ್ ಸರ್ಕಾರ ಅವರ ನೆನಪಿಗೆ ಅಂಚೆಚೀಟಿಯನ್ನೂ ಹೊರತಂದಿತು. ಅವರು ಮುನ್ನಡೆಸಿದ ಪಡೆ ಇಂದಿಗೂ ಅಲ್ಲಿಂದ ಹಿಂದಿರುಗಿಲ್ಲ, ಏಕೆಂದರೆ ದ್ವೀಪ ಇಂದಿಗೂ ದಕ್ಷಿಣದಲ್ಲಿ ಗ್ರೀಕ್ ಸೈಪ್ರಿಯಟರು, ಉತ್ತರದಲ್ಲಿ ಟರ್ಕಿಷ್ ಸೈಪ್ರಿಯಟರು ಎಂದು ಎರಡಾಗಿಯೇ ಉಳಿದಿದೆ. ಮಡಿಕೇರಿಯಲ್ಲಿ ಅವರ ಮನೆ ‘ಸನ್ನಿ ಸೈಡ್’ 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಅದನ್ನು ನೋಡಿ ಬಂದ ವಿದ್ಯಾರ್ಥಿಗೆ ‘ಸೈಪ್ರಸ್ ಏಕೆ ಒಡೆಯಿತು, ಏಕೆ ಇನ್ನೂ ಕೂಡಿಲ್ಲ’ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಆ ಪ್ರಶ್ನೆಯ ಮೇಲೆ ಒಂದು ಗಂಭೀರ ಚರ್ಚಾಸಭೆಯನ್ನು ಕಾಲೇಜಿನಲ್ಲಾಗಲಿ, ಊರಿನ ಗ್ರಂಥಾಲಯದಲ್ಲಾಗಲಿ, ನಿವೃತ್ತ ಸೈನಿಕರ ಸಂಘದಲ್ಲಾಗಲಿ ಏರ್ಪಡಿಸಲು ಬಯಸುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ದಿನಾಂಕ ಗೊತ್ತುಮಾಡುವ ವಿಚಾರವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಡಿಸೆಂಬರ್ 18 ಅರ್ಥಪೂರ್ಣ ದಿನವೇ ಸರಿ, ಆದರೆ ಅದು ಕಾಫಿ ಕೊಯ್ಲಿನ ಕಾಲ, ತೋಟವಿರುವ ಮನೆಗಳಿಂದ ಜನ ಹೊರಡುವುದು ಕಷ್ಟ. ತಿಮ್ಮಯ್ಯನವರು ಹುಟ್ಟಿದ ಮಾರ್ಚ್ 31 ಪರೀಕ್ಷೆಗಳ ಕಾಲಕ್ಕೆ ಬೀಳುತ್ತದೆ. ಡಿಸೆಂಬರಿನ ದಿನವನ್ನೇ ಇಟ್ಟುಕೊಳ್ಳುವುದಾದರೆ ಅದಕ್ಕೆ ಹತ್ತಿರದ ಭಾನುವಾರ ಮಧ್ಯಾಹ್ನ ಸಭೆ ಕರೆಯಿರಿ, ಅರ್ಧ ದಿನವನ್ನು ಪೂರ್ತಿಯಾಗಿ ಮೀಸಲಿಡಿ. ಒಂದು ಗಂಟೆಯಲ್ಲಿ ಈ ವಿಷಯ ಮುಗಿಯುವುದಿಲ್ಲ.

ಪ್ರಶ್ನೆಯನ್ನು ಇಡುವ ಬಗೆ

‘ಸೈಪ್ರಸ್ ಮತ್ತೆ ಒಂದಾಗಬೇಕು’ ಎಂಬ ವಿಷಯವನ್ನು ಕೊಟ್ಟು ಪರ-ವಿರೋಧ ಮಾತನಾಡಿಸಿದರೆ ಸಭೆ ಹಾಳಾಯಿತೆಂದೇ ತಿಳಿಯಿರಿ. ಪರವಾಗಿ ಮಾತನಾಡುವವರು ಒಗ್ಗಟ್ಟಿನ ಹಿರಿಮೆಯನ್ನು ಹೊಗಳುತ್ತಾರೆ, ವಿರೋಧವಾಗಿ ಮಾತನಾಡುವವರು ಹಳೆಯ ರಕ್ತಪಾತವನ್ನು ನೆನಪಿಸುತ್ತಾರೆ, ಚಪ್ಪಾಳೆ ಬೀಳುತ್ತದೆ, ಸೈಪ್ರಸ್ ಬಗ್ಗೆ ಯಾರಿಗೂ ಏನೂ ತಿಳಿದಿರುವುದಿಲ್ಲ. ಇದಕ್ಕೆ ಕಾರಣವಿದೆ. ಒಂದಾಗಬೇಕೇ ಎಂಬುದು ಆ ದ್ವೀಪದ ಮುಖಂಡರ ನಡುವಿನ ಮುಖ್ಯ ತಕರಾರಾಗಿ ಬಹುಕಾಲ ಇರಲೇ ಇಲ್ಲ. 1977ರಲ್ಲಿ ಗ್ರೀಕ್ ಸೈಪ್ರಿಯಟರ ಕಡೆಯಿಂದ ಆರ್ಚ್‌ಬಿಷಪ್ ಮಕಾರಿಯೋಸ್ ಮತ್ತು ಟರ್ಕಿಷ್ ಸೈಪ್ರಿಯಟರ ಕಡೆಯಿಂದ ರೌಫ್ ಡೆಂಕ್ಟಾಶ್, 1979ರಲ್ಲಿ ಮಕಾರಿಯೋಸ್ ಅವರ ನಂತರ ಬಂದ ಸ್ಪಿರೋಸ್ ಕಿಪ್ರಿಯಾನೂ ಮತ್ತು ಅದೇ ಡೆಂಕ್ಟಾಶ್ ಒಕ್ಕೂಟ ರಾಜ್ಯದ ಮೂಲ ಸೂತ್ರಕ್ಕೆ ಒಪ್ಪಿದ್ದರು. ಎರಡು ಸಮುದಾಯ, ಎರಡು ವಲಯ, ಒಂದೇ ರಾಜ್ಯ ಎಂಬ ಆ ಸೂತ್ರವನ್ನು ಭದ್ರತಾ ಮಂಡಳಿಯೂ ಎತ್ತಿಹಿಡಿಯುತ್ತ ಬಂದಿದೆ. ಹೀಗೆ ಸೂತ್ರಕ್ಕೆ ಸಹಿ ಬಿದ್ದ ಮೇಲೂ ಅರ್ಧ ಶತಮಾನ ಕಳೆಯಿತೆಂದರೆ ಜಗಳವಿರುವುದು ಷರತ್ತುಗಳಲ್ಲಿ. ಆದುದರಿಂದ ನಿಮ್ಮ ಸಭೆಯ ವಿಷಯವೂ ಷರತ್ತಿನ ರೂಪದಲ್ಲಿಯೇ ಇರಬೇಕು.

ನಾನು ಸೂಚಿಸುವ ವಿಷಯ ಇದು: ‘2004ರಲ್ಲಿ ವಿಶ್ವಸಂಸ್ಥೆಯ ಆಗಿನ ಮಹಾಕಾರ್ಯದರ್ಶಿ ಕೋಫಿ ಅನ್ನಾನ್ ಅವರ ಪುನರೇಕೀಕರಣ ಯೋಜನೆಯನ್ನು ಗ್ರೀಕ್ ಸೈಪ್ರಿಯಟರು ತಿರಸ್ಕರಿಸಿದ್ದು ಅವರ ದೃಷ್ಟಿಯಿಂದ ಸಮಂಜಸವಾಗಿತ್ತೇ?’ ಇದರಲ್ಲಿ ಒಂದು ನಿರ್ದಿಷ್ಟ ದಾಖಲೆಯಿದೆ, ಒಂದು ನಿರ್ದಿಷ್ಟ ದಿನವಿದೆ, ಎರಡೂ ಕಡೆಯ ಲೆಕ್ಕವಿದೆ. ಅನುಭವವಿರುವ ಗುಂಪಾದರೆ ‘1960ರ ಖಾತರಿ ಒಪ್ಪಂದವನ್ನು ಉಳಿಸಿಕೊಂಡು ಪುನರೇಕೀಕರಣ ಸಾಧ್ಯವೇ?’ ಎಂದು ಕೇಳಬಹುದು; ಇದು ಸೈಪ್ರಸ್‌ನ ವ್ಯವಸ್ಥೆಗೆ ಗ್ರೀಸ್, ಟರ್ಕಿ, ಬ್ರಿಟನ್‌ಗಳು ಖಾತರಿ ನಿಂತ ಒಪ್ಪಂದ. ‘ಒಕ್ಕೂಟವೋ ಎರಡು ರಾಷ್ಟ್ರಗಳೋ’ ಎಂಬ ಪ್ರಶ್ನೆ ಆಕರ್ಷಕವಾಗಿ ಕಂಡರೂ ಮೊದಲ ಸಭೆಗೆ ಅದನ್ನು ಇಟ್ಟುಕೊಳ್ಳಬೇಡಿ, ಒಕ್ಕೂಟ ಎಂದರೇನು ಎಂಬುದು ತಿಳಿಯುವ ಮೊದಲೇ ಜನ ಬಣ ಕಟ್ಟಿಕೊಂಡುಬಿಡುತ್ತಾರೆ.

ಐರ್ಲೆಂಡ್ ಕೂಡ ಒಡೆದ ದ್ವೀಪವೇ ಅಲ್ಲವೇ ಎಂದು ಯಾರಾದರೂ ಕೇಳುತ್ತಾರೆ. ಹೌದು. ಆದರೆ ಅಲ್ಲಿ 1998ರ ಗುಡ್ ಫ್ರೈಡೇ ಒಪ್ಪಂದದ ಪ್ರಕಾರ ಉತ್ತರ ಐರ್ಲೆಂಡಿನ ಬಹುಮತ ಏಕೀಕರಣದ ಕಡೆಗಿರುವ ಸಂಭವ ಕಂಡಾಗ ಜನಮತಗಣನೆ ನಡೆಸುವ ಹೊಣೆ ಬ್ರಿಟಿಷ್ ಸಚಿವರ ಮೇಲಿದೆ, ಅಂದರೆ ಬಾಗಿಲು ಯಾವುದು, ಬೀಗದ ಕೈ ಯಾರಲ್ಲಿದೆ ಎಂಬುದು ಕಾನೂನಿನಲ್ಲಿ ಬರೆದಿದೆ. ಸೈಪ್ರಸ್‌ನಲ್ಲಿ ಅಂಥ ಸಿದ್ಧ ಮಾರ್ಗವಿಲ್ಲ, ಪ್ರತಿ ಬಾರಿಯೂ ಮಾತುಕತೆಯಿಂದಲೇ ಆರಂಭಿಸಬೇಕು. ಎರಡನ್ನೂ ಒಂದೇ ಸಭೆಯಲ್ಲಿ ಬೆರೆಸದಿರುವುದು ಲೇಸು.

ಆಯೋಜಕರು ಮೊದಲು ಓದಿಕೊಳ್ಳಬೇಕಾದುದು

ಸಭೆಗೆ ಎರಡು ವಾರ ಮುಂಚೆ ಎರಡು ಪುಟದ ಟಿಪ್ಪಣಿಯೊಂದನ್ನು ಎಲ್ಲರ ಕೈಗೂ ತಲುಪಿಸಿ. ಅದರ ಬಹುಪಾಲು 1960ರಿಂದ 1974ರವರೆಗಿನ ಕಾಲಕ್ಕೆ ಮೀಸಲಾಗಲಿ, ಏಕೆಂದರೆ 1974ರಿಂದ ಕಥೆ ಶುರುಮಾಡುವವರು ಗ್ರೀಕ್ ಸೈಪ್ರಿಯಟರ ನೋವನ್ನು ಮಾತ್ರ ಕಾಣುತ್ತಾರೆ, 1963ರಲ್ಲಿ ಶುರುಮಾಡಿ ಅಲ್ಲಿಗೇ ನಿಲ್ಲಿಸುವವರು ಟರ್ಕಿಷ್ ಸೈಪ್ರಿಯಟರ ನೋವನ್ನು ಮಾತ್ರ ಕಾಣುತ್ತಾರೆ.

1960ರ ಆಗಸ್ಟ್ 16ರಂದು ಬ್ರಿಟನ್ನಿನಿಂದ ಸ್ವತಂತ್ರವಾದ ಸೈಪ್ರಸ್‌ನ ಸಂವಿಧಾನ ಅಲ್ಲಿನ ಜನ ಕುಳಿತು ಬರೆದದ್ದಲ್ಲ, ಹಿಂದಿನ ವರ್ಷ ಜ್ಯೂರಿಕ್ ಮತ್ತು ಲಂಡನ್‌ಗಳಲ್ಲಿ ಗ್ರೀಸ್, ಟರ್ಕಿ, ಬ್ರಿಟನ್‌ಗಳು ಕುದುರಿಸಿದ ಒಪ್ಪಂದದ ಫಲ. ಗ್ರೀಕ್ ಸೈಪ್ರಿಯಟರಲ್ಲಿ ಬಹಳ ಮಂದಿ ಗ್ರೀಸಿನೊಡನೆ ವಿಲೀನವನ್ನು ಬಯಸಿದ್ದರು, ಟರ್ಕಿಷ್ ಸೈಪ್ರಿಯಟರ ಮುಖಂಡರು ದ್ವೀಪದ ವಿಭಜನೆಯನ್ನು ಬಯಸಿದ್ದರು. ಸಿಕ್ಕಿದ್ದು ಎರಡೂ ಅಲ್ಲದ ಗಣರಾಜ್ಯ. ಗ್ರೀಕ್ ಸಮುದಾಯದ ಅಧ್ಯಕ್ಷ, ಟರ್ಕಿಷ್ ಸಮುದಾಯದ ಉಪಾಧ್ಯಕ್ಷ, ಪ್ರಮುಖ ವಿಷಯಗಳಲ್ಲಿ ಇಬ್ಬರಿಗೂ ತಡೆಹಿಡಿಯುವ ಅಧಿಕಾರ. ಹತ್ತು ಸಚಿವರಲ್ಲಿ ಏಳು ಮೂರು, ಐವತ್ತು ಶಾಸಕರಲ್ಲಿ 35 ಮತ್ತು 15, ಸರ್ಕಾರಿ ನೌಕರಿಯಲ್ಲಿ 70ಕ್ಕೆ 30, ಸೇನೆಯಲ್ಲಿ 60ಕ್ಕೆ 40. ಟರ್ಕಿಷ್ ಸೈಪ್ರಿಯಟರು ಜನಸಂಖ್ಯೆಯಲ್ಲಿ ಶೇಕಡ 18ರಷ್ಟಿದ್ದರೆಂಬುದನ್ನು ಪಕ್ಕದಲ್ಲಿಟ್ಟು ಈ ಅಂಕಿಗಳನ್ನು ಓದಬೇಕು. ಬಹುಸಂಖ್ಯಾತರಿಗೆ ಇದು ಅನ್ಯಾಯವೆನಿಸಿತು. ಅಲ್ಪಸಂಖ್ಯಾತರಿಗೆ ಇದು ಬದುಕುಳಿಯಲು ಬೇಕಾದ ಕನಿಷ್ಠ ರಕ್ಷೆಯಾಗಿತ್ತು. ಐದು ದೊಡ್ಡ ಪಟ್ಟಣಗಳಿಗೆ ಪ್ರತ್ಯೇಕ ಪುರಸಭೆಗಳಿರಬೇಕೇ, ತೆರಿಗೆ ಮಸೂದೆಗೆ ಎರಡೂ ಸಮುದಾಯಗಳ ಶಾಸಕರ ಪ್ರತ್ಯೇಕ ಬಹುಮತ ಬೇಕೇ, ಸೈನ್ಯದ ತುಕಡಿಗಳು ಬೆರೆತಿರಬೇಕೇ ಎಂಬಂಥ ಒಣ ಆಡಳಿತದ ಪ್ರಶ್ನೆಗಳ ಮೇಲೆಯೇ ಆ ರಾಜ್ಯ ಕುಂಟತೊಡಗಿತು. ವಿದ್ಯಾರ್ಥಿಗಳು ಈ ಭಾಗವನ್ನು ನೀರಸವೆಂದು ಹಾರಿಸಿಬಿಡುತ್ತಾರೆ, ಹಾರಿಸಲು ಬಿಡಬೇಡಿ. ಮುಂದಿನ ಪ್ರತಿಯೊಂದು ಸಂಧಾನದಲ್ಲೂ ಇದೇ ಪ್ರಶ್ನೆಗಳು ಬೇರೆ ವೇಷದಲ್ಲಿ ಬಂದಿವೆ.

1963ರ ನವೆಂಬರಿನಲ್ಲಿ ಅಧ್ಯಕ್ಷ ಮಕಾರಿಯೋಸ್ ಸಂವಿಧಾನಕ್ಕೆ 13 ತಿದ್ದುಪಡಿಗಳನ್ನು ಸೂಚಿಸಿದರು, ಡಿಸೆಂಬರಿನಲ್ಲಿ ಹಿಂಸೆ ಭುಗಿಲೆದ್ದಿತು. ಟರ್ಕಿಷ್ ಸೈಪ್ರಿಯಟರು ಸರ್ಕಾರದಿಂದ ತಾವಾಗಿಯೇ ಹೊರನಡೆದರು ಎಂದು ಒಂದು ಕಡೆ ಹೇಳುತ್ತದೆ, ಬಂದೂಕಿನ ಬಲದಿಂದ ಹೊರಹಾಕಲಾಯಿತು ಎಂದು ಇನ್ನೊಂದು ಕಡೆ ಹೇಳುತ್ತದೆ. ಟಿಪ್ಪಣಿಯಲ್ಲಿ ಎರಡನ್ನೂ ಒಂದರ ಕೆಳಗೊಂದು ಬರೆಯಿರಿ, ತೀರ್ಪು ಬರೆಯಬೇಡಿ. ಆ ತಿಂಗಳ ಕೊನೆಯಲ್ಲಿ ಬ್ರಿಟಿಷ್ ಮೇಜರ್ ಜನರಲ್ ಪೀಟರ್ ಯಂಗ್ ರಾಜಧಾನಿ ನಿಕೋಸಿಯಾದ ನಕ್ಷೆಯ ಮೇಲೆ ಹಸಿರು ಪೆನ್ಸಿಲ್ಲಿನಲ್ಲಿ ಕದನವಿರಾಮದ ಗೆರೆ ಎಳೆದರು. ‘ಹಸಿರು ಗೆರೆ’ ಎಂಬ ಹೆಸರು ಅಲ್ಲಿಂದ ಬಂದದ್ದು. 1964ರ ಮಾರ್ಚ್ 4ರಂದು ಭದ್ರತಾ ಮಂಡಳಿ 186ನೆಯ ನಿರ್ಣಯದ ಮೂಲಕ ಶಾಂತಿಪಡೆಯನ್ನು ರಚಿಸಿತು. ಅದರ ಮೊದಲ ದಂಡನಾಯಕರೂ ಭಾರತೀಯರೇ, ಲೆಫ್ಟಿನೆಂಟ್ ಜನರಲ್ ಗ್ಯಾನಿ. ಅವರ ನಂತರ ಬಂದ ತಿಮ್ಮಯ್ಯನವರು ಅಧಿಕಾರ ವಹಿಸಿಕೊಂಡ ಕೆಲವೇ ವಾರಗಳಲ್ಲಿ, ಅದೇ ಆಗಸ್ಟಿನಲ್ಲಿ, ದ್ವೀಪದ ವಾಯವ್ಯ ಕರಾವಳಿಯ ಕೊಕ್ಕಿನಾ ಬಳಿ ಕಾಳಗ ನಡೆದು ಟರ್ಕಿಯ ವಿಮಾನಗಳು ಬಾಂಬು ಹಾಕಿದವು. ಟರ್ಕಿಷ್ ಸೈಪ್ರಿಯಟರಲ್ಲಿ ಅನೇಕರು ಆ ವರ್ಷಗಳಲ್ಲಿ ಮುತ್ತಿಗೆಗೊಳಗಾದ ಸಣ್ಣ ಸಣ್ಣ ವಲಯಗಳಿಗೆ ಸರಿದು ಬದುಕಿದರು. ಕೊಡಗಿನ ಕೇಳುಗರಿಗೆ ಈ ಭಾಗವನ್ನು ವಿವರವಾಗಿ ಹೇಳಿ, ತಿಮ್ಮಯ್ಯನವರು ನಿಂತು ಕಾಯ್ದದ್ದು ಈ ಪರಿಸ್ಥಿತಿಯನ್ನು.

1974ರ ಘಟನೆಗಳನ್ನು ಚಿಕ್ಕದಾಗಿ ಹೇಳಿದರೂ ಸಾಕು, ಅನುಕ್ರಮ ಮಾತ್ರ ತಪ್ಪಬಾರದು. ಜುಲೈ 15ರಂದು ಗ್ರೀಸಿನ ಸೇನಾಡಳಿತ ಪ್ರೇರಿಸಿದ ಕ್ಷಿಪ್ರಕ್ರಾಂತಿ ಮಕಾರಿಯೋಸ್ ಅವರನ್ನು ಕೆಳಗಿಳಿಸಿತು. ಜುಲೈ 20ರಂದು ಟರ್ಕಿಯ ಸೇನೆ ಉತ್ತರ ತೀರದಲ್ಲಿ ಇಳಿಯಿತು. ಆಗಸ್ಟ್ 14ರಂದು ಎರಡನೆಯ ಹಂತದ ಮುನ್ನಡೆ ಆರಂಭವಾಗಿ ದ್ವೀಪದ ಮೂರನೆಯ ಒಂದು ಭಾಗಕ್ಕೂ ಹೆಚ್ಚು ನೆಲ ಟರ್ಕಿಯ ವಶಕ್ಕೆ ಹೋಯಿತು. ಒಂದೂವರೆ ಲಕ್ಷಕ್ಕೂ ಹೆಚ್ಚು ಗ್ರೀಕ್ ಸೈಪ್ರಿಯಟರು ದಕ್ಷಿಣಕ್ಕೆ ಓಡಿದರು, ಹತ್ತಾರು ಸಾವಿರ ಟರ್ಕಿಷ್ ಸೈಪ್ರಿಯಟರು ಉತ್ತರಕ್ಕೆ ಹೋದರು. 1983ರಲ್ಲಿ ಉತ್ತರ ಭಾಗ ತನ್ನನ್ನು ಪ್ರತ್ಯೇಕ ಗಣರಾಜ್ಯವೆಂದು ಘೋಷಿಸಿಕೊಂಡಿತು. ಭದ್ರತಾ ಮಂಡಳಿ 541ನೆಯ ನಿರ್ಣಯದಲ್ಲಿ ಅದನ್ನು ಅಸಿಂಧುವೆಂದು ಹೇಳಿತು, ಟರ್ಕಿಯೊಂದೇ ಅದನ್ನು ಮಾನ್ಯ ಮಾಡಿದೆ.

ಗೋಡೆಯ ಮೇಲೊಂದು ದೊಡ್ಡ ನಕ್ಷೆಯಿರಲಿ. ಎರಡು ಕಡೆಗಳ ನಡುವೆ ವಿಶ್ವಸಂಸ್ಥೆಯ ಪಡೆ ಕಾಯುವ, ಪೂರ್ವದಿಂದ ಪಶ್ಚಿಮಕ್ಕೆ 180 ಕಿಲೋಮೀಟರ್ ಹಾಯುವ ಬಫರ್ ವಲಯವನ್ನು ಅದರಲ್ಲಿ ಗುರುತಿಸಿ, ನಿಕೋಸಿಯಾದ ಹಳೆಯ ಪೇಟೆಯಲ್ಲಿ ಅದು ಕೆಲವೇ ಮೀಟರ್ ಅಗಲವಿದ್ದು ಬೇರೆಡೆ ಕಿಲೋಮೀಟರುಗಟ್ಟಲೆ ಹಿಗ್ಗುತ್ತದೆ ಎಂಬುದನ್ನು ತೋರಿಸಿ. ಬ್ರಿಟನ್ ತನ್ನಲ್ಲೇ ಉಳಿಸಿಕೊಂಡಿರುವ ಅಕ್ರೋಟಿರಿ ಮತ್ತು ಧೆಕೆಲಿಯಾ ಸೇನಾನೆಲೆಗಳನ್ನೂ ಗುರುತಿಸಿ, ಅವು ಇಂದಿಗೂ ಬ್ರಿಟನ್ನಿನ ಸಾರ್ವಭೌಮ ನೆಲ. ಊರುಗಳ ಹೆಸರನ್ನು ಎರಡೂ ಭಾಷೆಗಳ ರೂಪದಲ್ಲಿ ಬರೆಯಿರಿ: ಕಿರೀನಿಯಾ ಮತ್ತು ಗಿರ್ನೆ, ಫಮಗುಸ್ತಾ ಮತ್ತು ಗಾಜಿಮಗುಸಾ.

ನಾಲ್ಕು ಗುಂಪು, ನಾಲ್ಕು ಗಂಟು

ಸಭಿಕರನ್ನು ನಾಲ್ಕು ಗುಂಪುಗಳಾಗಿ ಮಾಡಿ ಆಸ್ತಿ, ಭದ್ರತೆ, ಅಧಿಕಾರ ಹಂಚಿಕೆ, ನೆಲದ ಹಂಚಿಕೆ ಎಂಬ ನಾಲ್ಕು ಪ್ರಶ್ನೆಗಳನ್ನು ಕೊಡಿ. ಪ್ರತಿ ಗುಂಪಿನೊಳಗೆ ಅರ್ಧ ಜನ ಗ್ರೀಕ್ ಸೈಪ್ರಿಯಟರ ಪಕ್ಷವನ್ನು, ಇನ್ನರ್ಧ ಟರ್ಕಿಷ್ ಸೈಪ್ರಿಯಟರ ಪಕ್ಷವನ್ನು ವಹಿಸಲಿ. ಯಾರು ಯಾವ ಪಕ್ಷವೆಂಬುದನ್ನು ಚೀಟಿ ಎತ್ತಿಸಿ ಗೊತ್ತುಮಾಡಿ, ಒಲವಿದ್ದ ಕಡೆಗೆ ಹೋಗಲು ಬಿಡಬೇಡಿ.

ಆಸ್ತಿಯ ಗುಂಪಿಗೆ ನಿಮ್ಮಲ್ಲಿರುವ ಅತ್ಯುತ್ತಮ ಮಾರ್ಗದರ್ಶಕರನ್ನು ಹಾಕಿ. ಕೊಡಗಿನ ಜನರಿಗೆ ಈ ಪ್ರಶ್ನೆ ಬೇರೆಲ್ಲಕ್ಕಿಂತ ಬೇಗ ಮನಸ್ಸಿಗೆ ತಾಗುತ್ತದೆ. ಐನ್‌ಮನೆ ಎಂದರೆ ನಾಲ್ಕು ಗೋಡೆಯಲ್ಲ, ಅದು ಇಡೀ ಒಕ್ಕದ (ಕುಲದ) ಮೂಲ, ಕಾರಣವನಿಗೆ (ಕುಲದ ಮೂಲಪುರುಷನಿಗೆ) ಮೀದಿ ಎಂಬ ಎಡೆ ಇಡುವ ಜಾಗ ಎಂದು ಬಲ್ಲವರಿಗೆ ‘ಅದರ ಬೆಲೆ ಕಟ್ಟಿ ಹಣ ತೆಗೆದುಕೊಳ್ಳಿ’ ಎಂಬ ಮಾತು ಹೇಗೆ ಕೇಳುತ್ತದೆಂದು ವಿವರಿಸಬೇಕಾಗಿಲ್ಲ. ಈಗ ಅಭ್ಯಾಸಕ್ಕೆ ಹೀಗೊಂದು ಸನ್ನಿವೇಶವನ್ನು ಕಲ್ಪಿಸಿಕೊಡಿ: ಕಿರೀನಿಯಾದ ಒಂದು ಮನೆಯನ್ನು 1974ರಲ್ಲಿ ಬಿಟ್ಟೋಡಿದ ಗ್ರೀಕ್ ಸೈಪ್ರಿಯಟ್ ಕುಟುಂಬದ ಬಳಿ ಹಕ್ಕುಪತ್ರ ಇನ್ನೂ ಇದೆ. ಆ ಮನೆಯಲ್ಲಿ ಈಗಿರುವುದು ದಕ್ಷಿಣದ ಪಾಫೋಸ್ ಕಡೆಯಿಂದ 1975ರಲ್ಲಿ ಬಂದ ಟರ್ಕಿಷ್ ಸೈಪ್ರಿಯಟ್ ಕುಟುಂಬ, ಅವರೂ ತಮ್ಮ ಮನೆ, ತೋಟ ಎಲ್ಲವನ್ನೂ ಬಿಟ್ಟು ಬಂದವರು. ಅವರ ಮಕ್ಕಳು, ಮೊಮ್ಮಕ್ಕಳು ಹುಟ್ಟಿದ್ದು ಇದೇ ಮನೆಯಲ್ಲಿ. ಮನೆಯ ಹಿಂದಿನ ನಿಂಬೆ ತೋಟದ ಅರ್ಧವನ್ನು ಮಾರಿದ್ದಾರೆ, ಕೊಂಡವರು ಅಲ್ಲಿ ಬಾಡಿಗೆಯ ಮನೆಗಳನ್ನು ಕಟ್ಟಿದ್ದಾರೆ. ಪುನರೇಕೀಕರಣವಾದ ಮರುದಿನ ಮನೆ ಯಾರದು? ತೋಟ ಯಾರದು? ಹೊರಹೋಗಬೇಕಾದವರಿಗೆ ಮನೆ ಕಟ್ಟಿಕೊಡುವವರು ಯಾರು?

ಈ ಪ್ರಶ್ನೆಗೆ ಗುಂಪು ತನ್ನದೇ ಉತ್ತರ ಬರೆದ ಮೇಲೆ ಮಾತ್ರ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಹೇಳಿದ್ದನ್ನು ಅವರ ಮುಂದಿಡಿ. ಕಿರೀನಿಯಾದ ಜಮೀನಿಗೆ ಸಂಬಂಧಿಸಿದ ಲೊಯ್ಜಿಡೂ ಪ್ರಕರಣದಲ್ಲಿ, 1996ರ ತೀರ್ಪಿನಂತೆ, ಅರ್ಜಿದಾರರೇ ಇನ್ನೂ ಕಾನೂನುಬದ್ಧ ಒಡೆಯರು, ಅದನ್ನು ಅನುಭವಿಸಲು ಬಿಡದಿದ್ದುದಕ್ಕೆ ಟರ್ಕಿ ಹೊಣೆ. 2010ರ ಡೆಮೊಪೌಲೋಸ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಉತ್ತರದಲ್ಲಿ ಸ್ಥಾಪಿತವಾಗಿರುವ ಸ್ಥಿರಾಸ್ತಿ ಆಯೋಗಕ್ಕೆ ಮೊದಲು ಹೋಗಬೇಕೆಂದಿತು, ದಶಕಗಳು ಕಳೆದ ಮೇಲೆ ಈಗ ಅಲ್ಲಿ ವಾಸಿಸುತ್ತಿರುವವರ ಸ್ಥಿತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದಿತು. ಎರಡು ತೀರ್ಪುಗಳ ನಡುವೆ ಇರುವ ಹದಿನಾಲ್ಕು ವರ್ಷಗಳೇ ಈ ಗುಂಪಿನ ಚರ್ಚೆಗೆ ಸಾಕಷ್ಟು ಸಾಮಗ್ರಿ. ಕಾಲ ಕಳೆದಂತೆ ಹಕ್ಕು ಸವೆಯಬಹುದೇ ಎಂಬ ಪ್ರಶ್ನೆಗೆ ನನ್ನಲ್ಲಿ ಸುಲಭದ ಉತ್ತರವಿಲ್ಲ. ಸವೆಯುತ್ತದೆ ಎಂದರೆ ಬಲವಂತದಿಂದ ಕಸಿದವನಿಗೆ ಕಾಯುವುದೇ ಲಾಭವಾಗುತ್ತದೆ, ಸವೆಯುವುದಿಲ್ಲ ಎಂದರೆ ತಪ್ಪೇನೂ ಮಾಡದ ಮೊಮ್ಮಗಳೊಬ್ಬಳು ಬೀದಿಗೆ ಬೀಳುತ್ತಾಳೆ. ಮಾರ್ಗದರ್ಶಕರು ಗುಂಪನ್ನು ಈ ಇಕ್ಕಟ್ಟಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಬೇಕು, ಕೂಡಲೇ ಪಾರುಮಾಡಬಾರದು.

ಭದ್ರತೆಯ ಗುಂಪು ಮೂರು ರಾಷ್ಟ್ರಗಳ ಖಾತರಿ ಒಪ್ಪಂದದ ನಾಲ್ಕನೆಯ ವಿಧಿಯನ್ನು ಓದಲಿ. ಒಪ್ಪಂದ ಮುರಿದುಬಿದ್ದು ಮೂವರೂ ಒಟ್ಟಾಗಿ ಕ್ರಮ ಕೈಗೊಳ್ಳಲಾಗದಿದ್ದರೆ, ಹಿಂದಿನ ವ್ಯವಸ್ಥೆಯನ್ನು ಮರಳಿ ನೆಲೆಗೊಳಿಸುವ ಒಂದೇ ಉದ್ದೇಶದಿಂದ, ಪ್ರತಿಯೊಬ್ಬ ಖಾತರಿದಾರನೂ ಕ್ರಮ ಕೈಗೊಳ್ಳಬಹುದು ಎಂದು ಅದು ಹೇಳುತ್ತದೆ. ಟರ್ಕಿ 1974ರ ತನ್ನ ಕ್ರಮಕ್ಕೆ ಈ ವಿಧಿಯನ್ನೇ ಆಧಾರವಾಗಿ ತೋರಿಸುತ್ತದೆ. ಹಿಂದಿನ ವ್ಯವಸ್ಥೆ ಮರಳಿ ಬರಲಿಲ್ಲವಲ್ಲ, ಸೇನೆ ಹೋಗಲಿಲ್ಲವಲ್ಲ ಎಂದು ಗ್ರೀಕ್ ಸೈಪ್ರಿಯಟರು ಕೇಳುತ್ತಾರೆ. ಒಬ್ಬರಿಗೆ ಟರ್ಕಿಯ ಸೈನಿಕ ರಕ್ಷಕ, ಇನ್ನೊಬ್ಬರಿಗೆ ಅದೇ ಸೈನಿಕ ಬೆದರಿಕೆ. ಕೊಡಗಿನಲ್ಲಿ ಪ್ರತಿ ಊರಿನಲ್ಲೂ ಸೇನೆಯಲ್ಲಿ ದುಡಿದು ಬಂದವರಿದ್ದಾರೆ. ಅಂಥವರೊಬ್ಬರನ್ನು, ಸಾಧ್ಯವಾದರೆ ವಿಶ್ವಸಂಸ್ಥೆಯ ಪಡೆಯಲ್ಲಿ ಕೆಲಸ ಮಾಡಿದವರನ್ನು, ಈ ಗುಂಪಿನಲ್ಲಿ ಕೂರಿಸಿ ಕದನವಿರಾಮದ ಗೆರೆಯನ್ನು ಕಾಯುವುದೆಂದರೆ ದಿನನಿತ್ಯ ಏನು ಮಾಡುವುದು ಎಂದು ಕೇಳಿ ತಿಳಿಯಿರಿ.

ಅಧಿಕಾರ ಹಂಚಿಕೆಯ ಗುಂಪು ಎರಡು ಅಂಶಗಳನ್ನು ಹಿಡಿದುಕೊಂಡರೆ ಸಾಕು. ಅಧ್ಯಕ್ಷ ಪದವಿ ಎರಡಕ್ಕೆ ಒಂದರ ಪ್ರಮಾಣದಲ್ಲಿ ಸರದಿಯಂತೆ ಬರಬೇಕೇ? ಸಚಿವ ಸಂಪುಟದ ತೀರ್ಮಾನಕ್ಕೆ ಟರ್ಕಿಷ್ ಸೈಪ್ರಿಯಟರ ಕಡೆಯಿಂದ ಕನಿಷ್ಠ ಒಂದು ಒಪ್ಪಿಗೆಯ ಮತ ಬೇಕೇ? ಬೇಕೆಂದರೆ ಆಡಳಿತ 1963ರಂತೆ ಸ್ಥಗಿತವಾಗುವ ಭಯವಿದೆ, ಬೇಡವೆಂದರೆ ಸಮಾನತೆ ಹೆಸರಿಗಷ್ಟೇ ಉಳಿಯುವ ಭಯವಿದೆ. ನೆಲದ ಹಂಚಿಕೆಯ ಗುಂಪಿಗೆ ಹೆಚ್ಚು ಹೊತ್ತು ಬೇಡ. ಅನ್ನಾನ್ ಯೋಜನೆಯಲ್ಲಿ ಉತ್ತರದ ಪಾಲು ಸುಮಾರು ಶೇಕಡ 29ಕ್ಕೆ ಇಳಿಯುತ್ತಿತ್ತು ಎಂಬುದನ್ನೂ, 1974ರಿಂದ ಬೇಲಿಯ ಹಿಂದೆ ಪಾಳುಬಿದ್ದಿದ್ದ ಫಮಗುಸ್ತಾದ ವರೋಶಾ ಬಡಾವಣೆಯ ಒಂದು ಭಾಗವನ್ನು 2020ರಲ್ಲಿ ತೆರೆದಾಗ ಎದ್ದ ವಿವಾದವನ್ನೂ ನಕ್ಷೆಯ ಮುಂದೆ ನಿಂತು ವಿವರಿಸಿದರೆ ಆಯಿತು.

ಸಭೆಯ ದಿನ

ಮಾತಿಗೆ ಒಂದು ಕಟ್ಟುನಿಟ್ಟಿನ ನಿಯಮವಿರಲಿ. ಯಾರೇ ತಮ್ಮ ವಾದವನ್ನು ಮಂಡಿಸುವ ಮೊದಲು ಎದುರು ಪಕ್ಷದ ಭಯವನ್ನು ಎದುರು ಪಕ್ಷದವರೇ ಒಪ್ಪುವ ಹಾಗೆ ಹೇಳಬೇಕು. ಎದುರಿನವರು ‘ಹೌದು, ನಮ್ಮ ಮಾತು ಇದೇ’ ಎಂದ ಮೇಲೆಯೇ ಅವರ ಸಮಯ ಎಣಿಕೆಗೆ ಬರಲಿ. ಮೊದಮೊದಲು ಇದು ನಿಧಾನವೆನಿಸುತ್ತದೆ, ಕಾಲು ಗಂಟೆ ಕಳೆಯುವಷ್ಟರಲ್ಲಿ ಸಭೆಯ ದನಿಯೇ ಬದಲಾಗಿರುತ್ತದೆ. ಅಧ್ಯಕ್ಷತೆ ವಹಿಸಿದವರು 1974ರ ಘಟನೆಗೆ ಒಂದು ಕಡೆಯ ಹೆಸರನ್ನು ಬಳಸದೆ ದಿನಾಂಕವನ್ನು ಹೇಳಲಿ.

ಮೂರು ಹೋಲಿಕೆಗಳು ನಮ್ಮ ಸಭೆಗಳಲ್ಲಿ ಖಂಡಿತ ನುಸುಳುತ್ತವೆ, ಅಧ್ಯಕ್ಷರು ಅವುಗಳಿಗೆ ಸಿದ್ಧರಾಗಿರಬೇಕು. ಮೊದಲನೆಯದು ಇದನ್ನು ಕ್ರೈಸ್ತ-ಮುಸ್ಲಿಂ ಜಗಳವೆಂದು ಓದುವುದು. ಧರ್ಮ ಅಲ್ಲಿ ಸಮುದಾಯದ ಗುರುತು, ಜಗಳದ ವಸ್ತುವಲ್ಲ. ಸಂಧಾನದ ಮೇಜಿನ ಮೇಲೆ ಬಂದದ್ದು ನೆಲ, ಅಧಿಕಾರ, ಸೈನ್ಯ, ಆಸ್ತಿ. ಎರಡನೆಯದು ಭಾರತದ ವಿಭಜನೆ ಮತ್ತು ಕಾಶ್ಮೀರ. ಅದು ಒಮ್ಮೆ ಬಾಗಿಲು ದಾಟಿ ಒಳಬಂದರೆ ಸೈಪ್ರಸ್ ಹೊರಗೆ ಹೋಗುತ್ತದೆ, ಆದ್ದರಿಂದ ವಿನಯದಿಂದಲೇ ತಡೆಯಿರಿ. ಮೂರನೆಯದು ಕೊಡಗಿನದೇ ಇತಿಹಾಸ. 1952ರ ಚುನಾವಣೆಯಲ್ಲಿ ಮೈಸೂರಿನೊಡನೆ ವಿಲೀನವನ್ನು ಬಯಸಿದ ಕಾಂಗ್ರೆಸ್ 24ರಲ್ಲಿ 15 ಸ್ಥಾನ ಗೆದ್ದದ್ದು, ಪ್ರತ್ಯೇಕ ರಾಜ್ಯಕ್ಕಾಗಿ ಪಂದ್ಯಂಡ ಬೆಳ್ಯಪ್ಪನವರ ತಕ್ಕಡಿ ಪಕ್ಷ ವಾದಿಸಿದ್ದು, ಸಿ. ಎಂ. ಪೂಣಚ್ಚನವರ ಸರ್ಕಾರದೊಂದಿಗೆ ಕೊಡಗು ರಾಜ್ಯವೂ 1956ರ ನವೆಂಬರ್ 1ರಂದು ಮೈಸೂರಿನಲ್ಲಿ ಸೇರಿಹೋದದ್ದು ಹಿರಿಯರ ಮನೆಗಳಲ್ಲಿ ಇನ್ನೂ ಜೀವಂತ ಮಾತು. ಅದನ್ನು ಹೇಳಬೇಡಿ ಎನ್ನುವುದು ತಪ್ಪು. ಚಿಕ್ಕ ಜನಸಮುದಾಯವೊಂದು ದೊಡ್ಡ ರಾಜ್ಯದೊಳಗೆ ತನ್ನ ದನಿ ಕರಗೀತೆಂದು ಏಕೆ ಅಂಜುತ್ತದೆ ಎಂಬುದನ್ನು ಕೊಡಗಿನವರಿಗೆ ಆ ನೆನಪು ಬೇಗ ತಿಳಿಸುತ್ತದೆ. ಆದರೆ ಕೊಡಗಿನಲ್ಲಿ ವಾದ ಮತಪೆಟ್ಟಿಗೆಯಲ್ಲಿ ನಡೆಯಿತು, ಯಾರೂ ಮನೆ ಬಿಟ್ಟೋಡಲಿಲ್ಲ, ಯಾರ ಮೂಳೆಯನ್ನೂ ಹೊಲದಿಂದ ಅಗೆದು ತೆಗೆಯಬೇಕಾಗಲಿಲ್ಲ. ಸೈಪ್ರಸ್‌ನಲ್ಲಿ ಕಾಣೆಯಾದವರ ಅಧಿಕೃತ ಪಟ್ಟಿಯಲ್ಲಿ ಎರಡೂ ಸಮುದಾಯಗಳ 2,002 ಹೆಸರುಗಳಿವೆ, 1981ರಲ್ಲಿ ರಚಿತವಾದ ಜಂಟಿ ಸಮಿತಿ ಅವರಲ್ಲಿ ಸಾವಿರಕ್ಕೂ ಹೆಚ್ಚು ಜನರ ಅವಶೇಷಗಳನ್ನು ಗುರುತಿಸಿ ಮನೆಯವರಿಗೆ ಒಪ್ಪಿಸಿದೆ. ಈ ಅಂತರವನ್ನು ಅಧ್ಯಕ್ಷರು ಸ್ಪಷ್ಟವಾಗಿ ಹೇಳಲೇಬೇಕು.

ಚರ್ಚೆ ಕಾವೇರಿದಾಗ ನಿಕೋಸಿಯಾದ ಒಳಚರಂಡಿಯ ವಿಷಯವನ್ನು ಎತ್ತಿಕೊಳ್ಳಿ. ಊರು ಎರಡಾದರೂ ನೆಲದ ಇಳಿಜಾರು ಒಂದೇ ಆಗಿತ್ತು, ದಕ್ಷಿಣದ ಕೊಳಚೆ ಉತ್ತರದ ಕಡೆಗೇ ಹರಿಯಬೇಕಿತ್ತು. 1970ರ ದಶಕದ ಕೊನೆಯಲ್ಲಿ ಎರಡು ಭಾಗಗಳ ನಗರಾಧ್ಯಕ್ಷರಾಗಿದ್ದ ಲೆಲ್ಲೋಸ್ ಡಿಮಿಟ್ರಿಯಾಡಿಸ್ ಮತ್ತು ಮುಸ್ತಫಾ ಅಕಿಂಜಿ, ಒಬ್ಬರ ಆಡಳಿತವನ್ನು ಇನ್ನೊಬ್ಬರು ಮಾನ್ಯ ಮಾಡುವ ಗೊಡವೆಗೇ ಹೋಗದೆ, ಕೊಳವೆಗಳನ್ನು ಜೋಡಿಸಲು ಒಪ್ಪಿದರು. ಇಂದಿಗೂ ಎರಡೂ ಭಾಗಗಳಿಂದ ಹರಿದು ಬರುವ ಕೊಳಚೆ ನೀರು ಉತ್ತರದ ಮಿಯಾ ಮಿಲಿಯಾದ ಜಂಟಿ ಸ್ಥಾವರದಲ್ಲಿ ಶುದ್ಧಿಯಾಗುತ್ತದೆ. ಈ ಕೆಲಸ ಹೇಗೆ ಸಾಧ್ಯವಾಯಿತು, ಆಸ್ತಿಯ ವಿಷಯದಲ್ಲಿ ಏಕೆ ಸಾಧ್ಯವಾಗಲಿಲ್ಲ ಎಂದು ಸಭೆಯನ್ನು ಕೇಳಿ. ಅದೇ ಅಕಿಂಜಿ ಮುಂದೆ ಟರ್ಕಿಷ್ ಸೈಪ್ರಿಯಟರ ನಾಯಕರಾಗಿ 2017ರಲ್ಲಿ ಸ್ವಿಟ್ಜರ್ಲೆಂಡಿನ ಕ್ರಾನ್ಸ್-ಮೊಂಟಾನಾದಲ್ಲಿ ಅಧ್ಯಕ್ಷ ನಿಕೋಸ್ ಅನಸ್ತಾಸಿಯಾಡಿಸ್ ಅವರೆದುರು ಕುಳಿತರು. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಆಂಟೋನಿಯೊ ಗುಟೆರೆಸ್ ಅವರ ಸಮ್ಮುಖದಲ್ಲಿ ನಡೆದ ಆ ಮಾತುಕತೆ ಜುಲೈ 7ರ ಬೆಳಗಿನ ಜಾವ ಮುರಿದುಬಿತ್ತು. ಖಾತರಿ ಮತ್ತು ಸೈನ್ಯದ ವಿಷಯದಲ್ಲಿ ಟರ್ಕಿ ಸಡಿಲಿಸಲಿಲ್ಲ ಎಂದು ಒಂದು ಕಡೆ, ಅಧಿಕಾರ ಹಂಚಿಕೆಗೆ ಗ್ರೀಕ್ ಸೈಪ್ರಿಯಟರು ಮನಸ್ಸು ಮಾಡಲಿಲ್ಲ ಎಂದು ಇನ್ನೊಂದು ಕಡೆ ದೂರುತ್ತದೆ.

ಮತ ಹಾಕಿಸುವ ಕ್ರಮ

ಕೈ ಎತ್ತಿಸಿ ಎಣಿಸುವುದು ಈ ವಿಷಯಕ್ಕೆ ಸಲ್ಲದು. ಅನ್ನಾನ್ ಯೋಜನೆಯ ಮೇಲೆ 2004ರ ಏಪ್ರಿಲ್ 24ರಂದು ನಡೆದ ಜನಮತಗಣನೆಯ ಕ್ರಮವನ್ನೇ ಅನುಸರಿಸಿ: ಚೀಟಿ ಎತ್ತಿ ಎರಡು ಪಕ್ಷವಾದವರು ಎರಡು ಬೇರೆ ಪೆಟ್ಟಿಗೆಗಳಲ್ಲಿ ಮತ ಹಾಕಲಿ, ಎರಡರಲ್ಲೂ ಬಹುಮತ ಬಂದರೆ ಮಾತ್ರ ಯೋಜನೆ ಅಂಗೀಕಾರವಾದಂತೆ. ಎಣಿಕೆ ಮುಗಿದ ಮೇಲೆ ನಿಜವಾದ ಫಲಿತಾಂಶವನ್ನು ಹೇಳಿ. ಟರ್ಕಿಷ್ ಸೈಪ್ರಿಯಟರಲ್ಲಿ ಶೇಕಡ 64.9 ಮಂದಿ ಒಪ್ಪಿದರು, ಗ್ರೀಕ್ ಸೈಪ್ರಿಯಟರಲ್ಲಿ ಶೇಕಡ 75.8 ಮಂದಿ ನಿರಾಕರಿಸಿದರು, ವಾರ ಕಳೆದು ಮೇ 1ರಂದು ಸೈಪ್ರಸ್ ಗಣರಾಜ್ಯ ಯುರೋಪಿಯನ್ ಒಕ್ಕೂಟವನ್ನು ಸೇರಿತು, ಉತ್ತರದಲ್ಲಿ ಒಕ್ಕೂಟದ ಕಾನೂನುಗಳನ್ನು ತಡೆಹಿಡಿಯಲಾಯಿತು. ಮತ ಏನೇ ಬಂದರೂ ಸದಸ್ಯತ್ವ ಖಚಿತವೆಂದು ಮೊದಲೇ ತಿಳಿದಿದ್ದಾಗ ‘ಹೌದು’ ಎನ್ನಲು ಗ್ರೀಕ್ ಸೈಪ್ರಿಯಟರಿಗೆ ಏನು ಪ್ರೇರಣೆಯಿತ್ತು ಎಂದು ಕೇಳಿ. ಜೊತೆಗೆ, 2011ರವರೆಗೆ ಆರು ಸಾವಿರ, ಆಮೇಲೆ ಮೂರು ಸಾವಿರ ಟರ್ಕಿ ಸೈನಿಕರು ಉಳಿಯಲು ಆ ಯೋಜನೆ ಅವಕಾಶ ಕೊಟ್ಟಿದ್ದುದನ್ನೂ ನೆನಪಿಸಿ. ನನ್ನ ಮಟ್ಟಿಗೆ, ಆ ನಿರಾಕರಣೆಯನ್ನು ಬರಿಯ ಹಟವೆನ್ನುವುದು ಅನ್ಯಾಯ. ‘ಹೌದು’ ಎಂದ ಮೇಲೂ ಹೊರಗೇ ಉಳಿದ ಟರ್ಕಿಷ್ ಸೈಪ್ರಿಯಟರಿಗೆ ಕೊಟ್ಟ ಮಾತುಗಳನ್ನು ಜಗತ್ತು ಪೂರ್ತಿ ಉಳಿಸಿಕೊಳ್ಳಲಿಲ್ಲವೆಂಬುದೂ ಅಷ್ಟೇ ನಿಜ.

ನಂತರದ ಬೆಳವಣಿಗೆಗಳಿಗೆ ಐದು ನಿಮಿಷ ಸಾಕು. 2020ರಲ್ಲಿ ಉತ್ತರದಲ್ಲಿ ಎರಡು ರಾಷ್ಟ್ರಗಳ ಪರವಾಗಿದ್ದ ಎರ್ಸಿನ್ ತಾತಾರ್ ಗೆದ್ದರು, 2025ರ ಅಕ್ಟೋಬರಿನಲ್ಲಿ ತಾತಾರ್ ಅವರನ್ನು ಒಕ್ಕೂಟದ ಪರವಾಗಿರುವ ತುಫಾನ್ ಎರ್ಹುರ್ಮಾನ್ ಸೋಲಿಸಿದರು. ದಕ್ಷಿಣದಲ್ಲಿ 2023ರಿಂದ ನಿಕೋಸ್ ಕ್ರಿಸ್ಟೊಡೌಲಿಡಿಸ್ ಅಧ್ಯಕ್ಷರು. ಸಭೆಯ ದಿನದ ಹೊತ್ತಿಗೆ ಮಾತುಕತೆ ಎಲ್ಲಿಗೆ ಬಂದಿದೆ ಎಂಬುದನ್ನು ಆ ವಾರದ ಪತ್ರಿಕೆಗಳಿಂದ ನೋಡಿಕೊಳ್ಳಿ.

ಕೊನೆಗೆ, ‘ಬೇಡ’ ಎಂದು ಮತ ಹಾಕಿದ ಪ್ರತಿಯೊಬ್ಬರಿಗೂ ಒಂದೊಂದು ಕಾಗದ ಕೊಟ್ಟು, ಯಾವ ಒಂದು ಷರತ್ತು ಬದಲಾದರೆ ತಾವು ‘ಹೌದು’ ಎನ್ನುತ್ತಿದ್ದೆವು ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆಯಿಸಿ. ‘ಹೌದು’ ಎಂದವರು ಅದಕ್ಕಾಗಿ ತಾವು ಏನನ್ನು ಬಿಟ್ಟುಕೊಡಲು ಸಿದ್ಧರು ಎಂಬುದನ್ನು ಬರೆಯಲಿ. ಎರಡು ಪಕ್ಷಗಳ ಕಾಗದಗಳನ್ನು ಬೇರೆ ಬೇರೆಯಾಗಿ ಕಟ್ಟಿ, ಆಸ್ತಿ, ಭದ್ರತೆ, ಅಧಿಕಾರ, ನೆಲ ಎಂದು ವಿಂಗಡಿಸಿ, ಮುಂದಿನ ಸಭೆಯಲ್ಲಿ ಒಕ್ಕೂಟವೋ ಎರಡು ರಾಷ್ಟ್ರಗಳೋ ಎಂಬ ಪ್ರಶ್ನೆಯನ್ನು ಎತ್ತಿಕೊಳ್ಳುವವರ ಕೈಗೆ ಅವನ್ನು ಕೊಡಿ.